ಮಕ್ಕಳು ಹಾಜರು, ಸರ್ವರ್ ಗೈರು

ಸರ್ಕಾರಿ ಶಾಲೆಯ ಮಕ್ಕಳ ಹಾಜರಿಯನ್ನು ಇನ್ನು ಕೃತಕ ಬುದ್ಧಿಮತ್ತೆಯೇ ಹಾಕುತ್ತದೆಯಂತೆ. ಮುಖ ನೋಡಿ ಗುರುತಿಸುವ ತಂತ್ರಜ್ಞಾನ, ಹೆಸರು ‘ನಿರಂತರ’. ರಾಜ್ಯದ 52 ಸಾವಿರಕ್ಕೂ ಹೆಚ್ಚು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಇದನ್ನು ತರುವುದಾಗಿ 2025ರಲ್ಲಿ ಸರ್ಕಾರ ಹೇಳಿತು. ಮಕ್ಕಳ ಮುಖದ ಮಾಹಿತಿ ಕೊನೆಗೆ ಯಾರ ಕೈ ಸೇರುತ್ತದೆ ಎಂದು ಕೇಳುವವರು ಕೇಳಿದರು. ನೀವೂ ಪತ್ರಿಕೆಯಲ್ಲಿ ಓದಿರುತ್ತೀರಿ, ಹೆಚ್ಚಿನ ವಿವರ ಬೇಡ.

ಹದಿನಾಲ್ಕು ಮಕ್ಕಳಿರುವ ಒಂದು ಏಕೋಪಾಧ್ಯಾಯ ಶಾಲೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಮೇಷ್ಟ್ರಿಗೆ ಆ ಹದಿನಾಲ್ಕು ಮುಖಗಳೂ ಗೊತ್ತು. ಮುಖದ ಮಾತು ಬಿಡಿ, ಯಾರ ಮನೆಯ ಎಮ್ಮೆ ಈದಿದೆ, ಯಾರ ಅಜ್ಜಿಗೆ ಮಂಡಿನೋವು, ಯಾವ ಹುಡುಗ ಸಂತೆಯ ದಿನ ಹೊಟ್ಟೆನೋವೆಂದು ಮನೆಯಲ್ಲಿ ಉಳಿಯುತ್ತಾನೆ ಎಂಬುದೆಲ್ಲ ಗೊತ್ತು. ಇಷ್ಟೊಂದು ಮಾಹಿತಿ ಒಬ್ಬ ಮನುಷ್ಯನ ತಲೆಯಲ್ಲಿ ಸುಮ್ಮನೆ ಕೊಳೆಯುವುದು ನಾಡಿಗೆ ಶ್ರೇಯಸ್ಕರವಲ್ಲ. ಆದ್ದರಿಂದ ಮೇಷ್ಟ್ರು ಮೊಬೈಲ್ ಹಿಡಿದು ಅಂಗಳಕ್ಕೆ ಇಳಿಯಬೇಕು. ಮಕ್ಕಳ ಬೆನ್ನಿಗೆ ಬಿಸಿಲು ಬಿದ್ದರೆ ಪರದೆಯ ಮೇಲೆ ಮುಖ ಕಪ್ಪು. ತಿರುಗಿಸಿ ನಿಲ್ಲಿಸಿದರೆ ಎಲ್ಲರೂ ಕಣ್ಣು ಕಿರಿದುಮಾಡುತ್ತಾರೆ. ಒಂದನೇ ತರಗತಿಯ ಹುಡುಗನಿಗೆ ನಿನ್ನೆ ತಾನೇ ಮುಂದಿನ ಎರಡು ಹಲ್ಲು ಉದುರಿವೆ, ಇವನು ಅವನೇ ಹೌದೋ ಅಲ್ಲವೋ ಎಂದು ಯಂತ್ರಕ್ಕೆ ಅನುಮಾನ. ಅಷ್ಟರಲ್ಲಿ ಸಿಗ್ನಲ್ ಹೋಯಿತು. ಹಿಂದೆಲ್ಲ ಇದೇ ಕೆಲಸ ಒಂದು ಹಾಜರಿ ಪುಸ್ತಕ ಮತ್ತು ಒಂದು ಪೆನ್ನಿನಲ್ಲಿ ನಾಲ್ಕು ನಿಮಿಷಕ್ಕೆ ಮುಗಿದು, ಉಳಿದ ಹೊತ್ತು ಪಾಠಕ್ಕೆ ಪೋಲಾಗುತ್ತಿತ್ತು.

ಸರ್ಕಾರವನ್ನು ಬಯ್ಯುವುದು ಸುಲಭ, ಅದು ನಮಗೆಲ್ಲ ಅಭ್ಯಾಸವಾಗಿದೆ. ನನಗೆ ಕುತೂಹಲ ಇರುವುದು ಇಂಥದ್ದನ್ನೆಲ್ಲ ಕುಳಿತು ಬರೆಯುವ ಎಂಜಿನಿಯರ್ ಮಹಾಶಯರ ಬಗ್ಗೆ. ಇಷ್ಟೊಂದು ಕ್ಷೇತ್ರಗಳಿರುವಾಗ ಅವರು ಶಿಕ್ಷಣಕ್ಕೇ ಏಕೆ ಒಲಿಯುತ್ತಾರೆ?

ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರನ ಬದುಕಿಗೆ ನಾಲ್ಕು ಆಶ್ರಮಗಳು. ಬ್ರಹ್ಮಚರ್ಯದಲ್ಲಿ ಪಿಜಿಯ ತಿಳಿಸಾರು ಮತ್ತು ಜಾವಾ. ಗಾರ್ಹಸ್ಥ್ಯದಲ್ಲಿ ಸರ್ಜಾಪುರ ರಸ್ತೆಯ ಫ್ಲ್ಯಾಟು, ಇಪ್ಪತ್ತು ವರ್ಷದ ಸಾಲ, ಟ್ಯಾಂಕರ್ ನೀರು. ವಾನಪ್ರಸ್ಥದಲ್ಲಿ ಸಕಲೇಶಪುರದ ಕಡೆ ಒಂದೂವರೆ ಎಕರೆ, ಸಿರಿಧಾನ್ಯ, ಒಂದು ನಾಟಿ ಹಸು. ಹಸು ಒದ್ದ ಮೇಲೆ ವಾಪಸ್ಸು. ಕೊನೆಯದು ಸಂನ್ಯಾಸ. ಈ ಘಟ್ಟದಲ್ಲಿ ಅವನು ಲೌಕಿಕವನ್ನೆಲ್ಲ ತೊರೆದು ಶಿಕ್ಷಣ ತಂತ್ರಜ್ಞಾನದ ಕಂಪನಿ ಸೇರುತ್ತಾನೆ. ಲೌಕಿಕ ತೊರೆದರೂ ಕಂಪನಿ ಕೊಡುವ ಷೇರು ತೊರೆಯುವುದಿಲ್ಲ.

ದೀಕ್ಷೆ ಪಡೆದ ದಿನ ಲಿಂಕ್ಡ್‌ಇನ್‌ನಲ್ಲಿ ಒಂದು ಘೋಷಣೆ ಆಗಲೇಬೇಕು. ಇಷ್ಟು ಕಾಲ ಕ್ರೆಡಿಟ್ ಕಾರ್ಡಿನ ಬಿಲ್ಲು ಕಟ್ಟುವ ಬಟನ್ನಿಗೆ ಬಣ್ಣ ಬಳಿದೆ, ಇನ್ನು ಕೋಟ್ಯಂತರ ಮಕ್ಕಳ ಬದುಕಿಗೆ ಬಣ್ಣ ತುಂಬುತ್ತೇನೆ ಎಂಬ ಧಾಟಿಯಲ್ಲಿ. ಕೆಳಗೊಂದು ಚಿತ್ರ. ಅದರಲ್ಲಿ ಎರಡು ಜಡೆಯ ಹಳ್ಳಿ ಹುಡುಗಿ ಟ್ಯಾಬ್ಲೆಟ್ ನೋಡಿ ನಗುತ್ತಿರುತ್ತಾಳೆ. ಎಲ್ಲ ಕಂಪನಿಗಳಿಗೂ ಅವಳೊಬ್ಬಳೇ ಹುಡುಗಿ. ಅಷ್ಟು ಕಂಪನಿಗಳಿಂದ ಪಾಠ ಹೇಳಿಸಿಕೊಂಡ ಆ ಮಗು ಇಷ್ಟು ಹೊತ್ತಿಗೆ ಯಾವ ವಿಶ್ವವಿದ್ಯಾಲಯದ ಕುಲಪತಿಯಾಗಿದೆಯೋ ತಿಳಿಯದು.

ಬರೆದುಕೊಳ್ಳುವ ಕಾರಣ ಸಮಾಜಸೇವೆ. ಇರುವ ಕಾರಣ ಬೇರೆ, ಮತ್ತು ಅದು ಎಂಥ ಎಂಜಿನಿಯರನಿಗೂ ಬಾಯಲ್ಲಿ ನೀರೂರಿಸುವಂಥದ್ದು. ಬ್ಯಾಂಕಿನ ತಂತ್ರಾಂಶದಲ್ಲಿ ಹತ್ತು ರೂಪಾಯಿ ಆಚೀಚೆಯಾದರೆ ಬೆಳಗಾಗುವುದರೊಳಗೆ ಗ್ರಾಹಕ ಶಾಖೆಯ ಬಾಗಿಲಲ್ಲಿ ನಿಂತಿರುತ್ತಾನೆ. ಊಟ ತರಿಸುವ ಆಪ್ ಮಸಾಲೆ ದೋಸೆಯ ಬದಲು ಸೆಟ್ ದೋಸೆ ಕಳಿಸಿದರೆ ಜನ ನಕ್ಷತ್ರ ಕಿತ್ತುಕೊಳ್ಳುತ್ತಾರೆ. ಮಗುವಿಗೆ ಭಿನ್ನರಾಶಿ ತಲೆಗೆ ಹತ್ತದಿದ್ದರೆ? ಎಂಜಿನಿಯರನಿಗೆ ಯಾರೂ ಫೋನ್ ಮಾಡುವುದಿಲ್ಲ. ಅಪ್ಪ ಮಗುವಿನ ತಲೆಗೇ ಒಂದು ಮೊಟಕುತ್ತಾನೆ. ಇಷ್ಟು ದುಡ್ಡು ಸುರಿದು ಆಪ್ ಕೊಡಿಸಿದರೂ ಕಲಿಯಲಿಲ್ಲ, ಇದರ ಹಣೆಬರಹ ಎನ್ನುತ್ತಾನೆ. ತಂತ್ರಾಂಶದ ದೋಷ ಸದಾ ಬಳಕೆದಾರನ ತಲೆಯೊಳಗೇ ಇರುವ ಕ್ಷೇತ್ರ ಭೂಮಿಯ ಮೇಲೆ ಇದೊಂದೇ. ಮಗು ಕಲಿತಿತೋ ಇಲ್ಲವೋ ತಿಳಿಯಲು ಹತ್ತು ವರ್ಷ ಬೇಕು. ಷೇರು ಕೈಗೆ ಬರಲು ನಾಲ್ಕು ವರ್ಷ ಸಾಕು.

ಆಪ್‌ನಲ್ಲಿ ಪಾಠ ಮಾರಿದ ಬೈಜೂಸ್ ಕಂಪನಿಯ ಪುರಾಣವನ್ನು ಮತ್ತೆ ಪಾರಾಯಣ ಮಾಡಿದರೆ ಬಿದ್ದವರಿಗೆ ಆಳಿಗೊಂದು ಕಲ್ಲು ಎಂದಾಗುತ್ತದೆ. ಆದರೂ ಕಲ್ಲು ಕೈಯಲ್ಲೇ ಇದೆ. 2019ರಲ್ಲಿ ಭಾರತ ಕ್ರಿಕೆಟ್ ತಂಡದ ಅಂಗಿಯ ಎದೆಯ ಮೇಲೆ ಕುಳಿತ ಕಂಪನಿ, 2022ರಲ್ಲಿ 2,200 ಕೋಟಿ ಡಾಲರ್ ಬೆಲೆಯದ್ದಾಗಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ 2,500 ಜನರನ್ನು ಮನೆಗೆ ಕಳಿಸುವುದಾಗಿ ಹೇಳಿ, ನವೆಂಬರಿನಲ್ಲಿ ಎಲ್ಲರಿಗೂ ಶಿಕ್ಷಣ ಸಿಗಲಿ ಎಂದು ಫುಟ್‌ಬಾಲ್ ಆಟಗಾರ ಮೆಸ್ಸಿಯನ್ನು ರಾಯಭಾರಿ ಮಾಡಿಕೊಂಡಿತು. ಮೆಸ್ಸಿಗೂ ನಮ್ಮ ಹತ್ತನೇ ತರಗತಿಯ ತ್ರಿಕೋನಮಿತಿಗೂ ಇರುವ ಸಂಬಂಧವನ್ನು ಬಲ್ಲವರು ಹೇಳಬೇಕು. ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಸಂಸ್ಥೆ 2020–21ರ ತನ್ನ ಲೆಕ್ಕವನ್ನು ಒಪ್ಪಿಸಲು ಒಂದೂವರೆ ವರ್ಷ ತಡ ಮಾಡಿತು. ಒಪ್ಪಿಸಿದಾಗ ಕಂಡ ನಷ್ಟ 4,588 ಕೋಟಿ ರೂಪಾಯಿ. 2023ರ ಜೂನ್‌ನಲ್ಲಿ ಲೆಕ್ಕಪರಿಶೋಧಕರಾದ ಡೆಲಾಯ್ಟ್‌ನವರು, ಮನೆಪಾಠ ತೋರಿಸದ ಹುಡುಗನ ಮುಂದೆ ಕೈಚೆಲ್ಲಿದ ಮೇಷ್ಟ್ರಂತೆ ಎದ್ದು ಹೊರಟರು. 2024ರ ಜುಲೈನಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ದಿವಾಳಿ ಪ್ರಕ್ರಿಯೆಗೆ ಒಪ್ಪಿದ್ದು ಯಾರ ದೂರಿನ ಮೇಲೆ? ಶಿಕ್ಷಕರದಲ್ಲ, ಪೋಷಕರದೂ ಅಲ್ಲ. 158 ಕೋಟಿ ಬಾಕಿ ಬರಬೇಕಿದ್ದ ಕ್ರಿಕೆಟ್ ಮಂಡಳಿಯದು.

ಇದರಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ ದೋಸೆಯದು. ಸಾಲ ಕೊಟ್ಟವರು ಅಮೆರಿಕದ ನ್ಯಾಯಾಲಯದಲ್ಲಿ ಮಾಡಿದ ಆರೋಪದ ಪ್ರಕಾರ, ಕಂಪನಿಯ 53.3 ಕೋಟಿ ಡಾಲರ್ ಹೋಗಿ ಸೇರಿದ ಹೂಡಿಕೆ ನಿಧಿಯೊಂದು ಹಿಂದೊಮ್ಮೆ ತನ್ನ ವಿಳಾಸವೆಂದು ಕೊಟ್ಟಿದ್ದು ಮಯಾಮಿಯ ಒಂದು ಪ್ಯಾನ್‌ಕೇಕ್, ಅಂದರೆ ಅಮೆರಿಕದವರ ದೋಸೆಯ, ಹೋಟೆಲನ್ನು. ದುರುಪಯೋಗ ಆಗಿಲ್ಲ ಎಂದು ಸಂಸ್ಥಾಪಕರು ಹೇಳಿದ್ದಾರೆ, ನ್ಯಾಯಾಲಯ ನೋಡಿಕೊಳ್ಳಲಿ. ಆದರೆ ನಮ್ಮ ಬಸವನಗುಡಿ, ಮಲ್ಲೇಶ್ವರದ ಹೋಟೆಲಿನವರನ್ನು ನೆನೆದು ನನಗೆ ಮರುಕವಾಯಿತು. ತಲೆಮಾರುಗಳಿಂದ ಕಾವಲಿಯ ಮುಂದೆ ಬೆವರು ಸುರಿಸಿ ಅವರು ಗಳಿಸಿದ್ದೇನು? ಸಾವಿರಾರು ಕೋಟಿ ರೂಪಾಯಿಗೆ ವಿಳಾಸವಾಗುವ ಯೋಗ ಒಬ್ಬರಿಗಾದರೂ ಬಂತೇ?

ಇರಲಿ. ಈ ಕಂಪನಿಗಳಲ್ಲಿ ಎಂಜಿನಿಯರುಗಳು ಹಗಲೂ ರಾತ್ರಿ ಕುಳಿತು ಏನು ಕಟ್ಟಿದರು ಎಂಬುದು ಪ್ರಶ್ನೆ. ಪಾಠದ ವಿಡಿಯೊ ಪರವಾಗಿಲ್ಲ, ಕೆಲವು ಚೆನ್ನಾಗಿಯೇ ಇದ್ದವು. ಆದರೆ ಬುದ್ಧಿಯ ಸಾರವೆಲ್ಲ ಹರಿದದ್ದು ಬೇರೆ ಕಾಲುವೆಗೆ: ಯಾವ ತಾಯಿಗೆ ಯಾವ ಹೊತ್ತಿನಲ್ಲಿ ಕರೆ ಹೋಗಬೇಕು, ಉಚಿತ ಪಾಠ ನೋಡಿದ ಮಗುವಿನ ಮನೆಗೆ ಮಾರಾಟಗಾರ ಎಷ್ಟು ಬೇಗ ತಲುಪಬೇಕು, ಮಾಸಿಕ ಕಂತಿಗೆ ಎಷ್ಟು ಬೇಗ ಸಹಿ ಬೀಳಬೇಕು. ಮಕ್ಕಳ ಮತ್ತು ಪೋಷಕರ ಫೋನ್ ನಂಬರುಗಳನ್ನು ಕೊಂಡು ಬೆನ್ನುಹತ್ತುತ್ತಾರೆ ಎಂಬ ದೂರು ಎಲ್ಲಿಯವರೆಗೆ ಹೋಯಿತೆಂದರೆ, 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ ಬೈಜೂಸ್ ಮುಖ್ಯಸ್ಥರಿಗೆ ಸಮನ್ಸ್ ಕಳಿಸಿತು. ಕಂಪನಿ ದೂರನ್ನು ಅಲ್ಲಗಳೆಯಿತು. ಅದಕ್ಕೆ ಎರಡು ವರ್ಷ ಮೊದಲು ಬೈಜೂಸ್ 30 ಕೋಟಿ ಡಾಲರ್ ಕೊಟ್ಟು ಕೊಂಡ ವೈಟ್‌ಹ್ಯಾಟ್ ಜೂನಿಯರ್ ನೆನಪಿದೆಯಲ್ಲ? ಆರು ವರ್ಷದ ಕೂಸಿಗೆ ಕೋಡಿಂಗ್ ಕಲಿಸದಿದ್ದರೆ ವಂಶ ಹಾಳಾಗುತ್ತದೆ ಎಂದು ನಾವು ನಂಬಿದ ಕಾಲ. ಅದರ ಜಾಹೀರಾತಿನ ವುಲ್ಫ್ ಗುಪ್ತಾ ಎಂಬ ಬಾಲಕನಿಗೆ ಗೂಗಲ್‌ನಲ್ಲಿ ಕೋಟಿಗಟ್ಟಲೆ ಸಂಬಳ. ಒಂದು ಜಾಹೀರಾತಿನಲ್ಲಿ ಒಂದು ವಯಸ್ಸು, ಇನ್ನೊಂದರಲ್ಲಿ ಇನ್ನೊಂದು. ಕೊನೆಗೆ ಅಂಥ ಹುಡುಗನೇ ಇಲ್ಲ ಎಂದಾಯಿತು. ಇಲ್ಲದ ಹುಡುಗನಿಗೆ ಕೆಲಸ ಕೊಡಿಸುವುದು ಇರುವ ಹುಡುಗರಿಗೆ ಕೊಡಿಸುವುದಕ್ಕಿಂತ ಖರ್ಚು ಕಡಿಮೆ, ಅಷ್ಟು ಲೆಕ್ಕ ಅವರಿಗೂ ಬರುತ್ತಿತ್ತು.

ಕೊರೊನಾ ಕಾಲದಲ್ಲಿ ನಮ್ಮ ರಾಜ್ಯ ಇನ್ನೂ ಸೊಗಸಾಗಿ ನಡೆದುಕೊಂಡಿತು. 2020ರ ಜೂನ್‌ನಲ್ಲಿ ಶಿಕ್ಷಣ ಸಚಿವರಾಗಿದ್ದ ಸುರೇಶ್ ಕುಮಾರ್ ಅವರು ಐದನೇ ತರಗತಿಯವರೆಗೆ ಆನ್‌ಲೈನ್ ಪಾಠ ಬೇಡವೆಂದರು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಗರದ ಮಕ್ಕಳು ಪರದೆ ನೋಡುತ್ತ ಆಕಳಿಸಿದರು, ಹಳ್ಳಿಯ ಮಕ್ಕಳು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದರು. ಆ ಗದ್ದಲದಲ್ಲಿ ಒಂದಿಷ್ಟು ಕೆಲಸ ಮಾಡಿದ್ದು ‘ವಿದ್ಯಾಗಮ’. ಮೇಷ್ಟ್ರು ತಾವೇ ಊರಿಗೆ ಹೋಗಿ, ಅರಳಿಕಟ್ಟೆಯ ಮೇಲೋ ದೇವಸ್ಥಾನದ ಜಗಲಿಯ ಮೇಲೋ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಅರಳಿಕಟ್ಟೆಗೆ ಹೂಡಿಕೆದಾರರು ಸಿಗಲಿಲ್ಲ, ಅದರ ಬೆಲೆ ನೂರು ಕೋಟಿ ಡಾಲರ್ ಮುಟ್ಟಲಿಲ್ಲ. ಶಾಲೆ ತೆರೆದ ಮೇಲೆ, ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ 2022ರ ವರದಿ ಬಂತು. ದೇಶದ ಹಳ್ಳಿಗಳಲ್ಲಿ ಮೂರನೇ ತರಗತಿಯ ನೂರು ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಇಪ್ಪತ್ತು ಚಿಲ್ಲರೆ. ಅಷ್ಟೂ ವರ್ಷ ಆ ಎರಡು ಜಡೆಯ ಹುಡುಗಿ ಜಾಹೀರಾತಿನಲ್ಲಿ ನಗುತ್ತಲೇ ಇದ್ದಳು.

ಸಾಫ್ಟ್‌ವೇರ್ ದುಡ್ಡಿನಿಂದ ಕನ್ನಡ ಶಾಲೆಗೆ ನಿಜವಾಗಿ ತಲುಪಿದ ಶಿಕ್ಷಣ ತಂತ್ರಜ್ಞಾನ ಯಾವುದು ಎಂದು ಕೇಳಿದರೆ ನನ್ನ ಮತ ಬೇಯಿಸಿದ ಮೊಟ್ಟೆಗೆ. ತಮಾಷೆಯಲ್ಲ. ವಿಪ್ರೊ ಸಂಪತ್ತಿನಿಂದ ನಡೆಯುವ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿ, ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ 2024ರಲ್ಲಿ ಆರು ದಿನಕ್ಕೆ ಏರಿತು. ಡೌನ್‌ಲೋಡ್ ಬೇಡ, ಪಾಸ್‌ವರ್ಡ್ ಬೇಡ, ಕನ್ನಡ ಮಾಧ್ಯಮಕ್ಕೂ ಇಂಗ್ಲಿಷ್ ಮಾಧ್ಯಮಕ್ಕೂ ಒಂದೇ ಆವೃತ್ತಿ. ಅದರ ಲೆಕ್ಕವನ್ನೂ ನೋಡಿ. ಒಂದು ಮೊಟ್ಟೆಗೆ 6 ರೂಪಾಯಿ. ಅದರಲ್ಲೇ ಮೊಟ್ಟೆಯ ಬೆಲೆ, ಬೇಯಿಸುವ ಗ್ಯಾಸಿನ ಖರ್ಚು, ಕೊನೆಗೆ ಸುಲಿಯುವವರಿಗೆ 30 ಪೈಸೆ ಕೂಲಿ. ಪೇಟೆಯಲ್ಲಿ ಮೊಟ್ಟೆಯ ಬೆಲೆ ಏರಿದ ತಿಂಗಳು ಮುಖ್ಯಶಿಕ್ಷಕರು ತಮ್ಮ ಜೇಬಿಗೆ ಕೈ ಹಾಕುತ್ತಾರೆ.

ಮುಖ ಗುರುತಿಸುವ ಯಂತ್ರ ಬೇಕೆನ್ನುವುದಕ್ಕೆ ಕೊಟ್ಟ ಕಾರಣಗಳಲ್ಲಿ ಈ ಮೊಟ್ಟೆ, ಹಾಲು, ಬಿಸಿಯೂಟದ ಸೋರಿಕೆ ತಡೆಯುವುದೂ ಒಂದು. ಇಲ್ಲಿ ನನಗೆ ನಗು ನಿಲ್ಲುತ್ತದೆ. ಜೇಬಿನಿಂದ ದುಡ್ಡು ಹಾಕಿ ಮೊಟ್ಟೆ ತರುವವರ ಮೇಲೆ, ಮೊಟ್ಟೆ ಕದಿಯುತ್ತಾರೇನೋ ಎಂದು ಕ್ಯಾಮೆರಾ ಇಡುವುದು. ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸಿಗೆ ದುಡಿಯುವ ಅತಿಥಿ ಶಿಕ್ಷಕಿಗೆ ಆ ಹಣವೂ ಸಕಾಲಕ್ಕೆ ಬರುವುದಿಲ್ಲ, ಬೇಸಿಗೆ ರಜೆಯಲ್ಲಂತೂ ಇಲ್ಲವೇ ಇಲ್ಲ. ಖಾಲಿ ಹುದ್ದೆ ತುಂಬಿ ಎಂದರೆ ಹಣಕಾಸು ಇಲಾಖೆ ಕಡತ ತಿರುಗಿಸುತ್ತದೆ, ಆಪ್ ಎಂದರೆ ಕಣ್ಣುಮುಚ್ಚಿ ಸಹಿ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮೇಷ್ಟ್ರುಗಳನ್ನೇ ಮನೆಮನೆಗೆ ಓಡಿಸಿದರು, ಆಪ್ ಕೈಕೊಟ್ಟಿತು, ಕೆಲಸ ಮುಗಿಯಲಿಲ್ಲವೆಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ತಂತ್ರಾಂಶ ಕೆಟ್ಟಿದ್ದಕ್ಕೆ ಪಾಠ ಕಳೆದುಕೊಂಡವರು ಮಕ್ಕಳು. ಯಾರಿಗೂ ನಾಚಿಕೆಯಾಗಲಿಲ್ಲ. ಬರೆದು ಬರೆದು ನನಗೂ ಸಾಕಾಗಿದೆ.

ನ್ಯಾಯ ಹೇಳಬೇಕಾದರೆ, ಶಿಕ್ಷಣ ತಂತ್ರಜ್ಞಾನ ಎಲ್ಲವೂ ಹೀಗಲ್ಲ. ‘ಗಣಿತ ಗಣಕ’ ಎಂಬ ಕಾರ್ಯಕ್ರಮದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರು ಮಗುವಿನ ಮನೆಗೆ ಮಾಮೂಲಿ ಫೋನ್ ಕರೆ ಮಾಡಿ ಕೂಡು, ಕಳೆ ಹೇಳಿಕೊಡುತ್ತಾರೆ. ಬೋಟ್ಸ್ವಾನಾದಲ್ಲಿ ಪರೀಕ್ಷಿಸಿ ಫಲ ಕಂಡ ವಿಧಾನ ಅದು. ಅಪ್ಪನ ಕೀಪ್ಯಾಡ್ ಮೊಬೈಲು ಸಾಕು. ಆದರೆ ಅಲ್ಲಿ ಎಂಜಿನಿಯರನಿಗೆ ಮಾಡಲು ಹೆಚ್ಚೇನೂ ಕೆಲಸವಿಲ್ಲ. ಅದಕ್ಕೇ ಅದರ ಬಗ್ಗೆ ಲಿಂಕ್ಡ್‌ಇನ್‌ನಲ್ಲಿ ಯಾರೂ ಕಣ್ಣೀರು ಹಾಕಿಕೊಂಡು ಬರೆಯುವುದಿಲ್ಲ.

ಅಷ್ಟಕ್ಕೂ ಸಂನ್ಯಾಸ ಸ್ವೀಕರಿಸಲೇಬೇಕು ಎಂದು ಹಟ ಹಿಡಿದ ಎಂಜಿನಿಯರುಗಳಿಗೆ ಒಂದು ಕೆಲಸ ಖಾಲಿ ಇದೆ. ಶಾಲೆಯ ದಾಖಲೆಯಲ್ಲಿ ಒಂದು ಹೆಣ್ಣುಮಗುವಿನ ಹೆಸರು ಲಕ್ಷ್ಮೀದೇವಿ ಎಂದಿರುತ್ತದೆ, ಆಧಾರ್‌ನಲ್ಲಿ ಲಕ್ಷ್ಮಿ ಡಿ ಎಂದು. ಎರಡೂ ತಾಳೆಯಾಗದೆ ‘ಅಪಾರ್’ ಎಂಬ ವಿದ್ಯಾರ್ಥಿ ಗುರುತಿನ ಸಂಖ್ಯೆ ಹುಟ್ಟುವುದಿಲ್ಲ. ಅದನ್ನು ತಿದ್ದಿಸಲು ಆ ತಾಯಿ ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕು ಕೇಂದ್ರಕ್ಕೆ ಬಸ್ ಹತ್ತಬೇಕು, ಅಲ್ಲಿ ಟೋಕನ್ ಮುಗಿದಿದ್ದರೆ ಮತ್ತೊಂದು ದಿನ. ಮುಖ್ಯಶಿಕ್ಷಕರು ಮಕ್ಕಳ ದಾಖಲೆಯಿರುವ ಇಲಾಖೆಯ ತಂತ್ರಾಂಶ ಎಸ್‌ಎಟಿಎಸ್ ತೆರೆದು, ತಿದ್ದುಪಡಿಯ ಮನವಿ ಕಳಿಸಿ, ಮೇಲಿನ ಕಚೇರಿಯ ಒಪ್ಪಿಗೆಗೆ ಕಾಯುತ್ತ ಕೂರಬೇಕು. ಇದರಲ್ಲಿ ಕೃತಕ ಬುದ್ಧಿಮತ್ತೆ ಏನೂ ಬೇಡ, ಸಾಮಾನ್ಯ ಬುದ್ಧಿಯ ಒಂದು ಬಟನ್ ಸಾಕು. ಅದನ್ನು ಮೊದಲು ಸರಿಮಾಡಿ ಕೊಡಿ, ಮಕ್ಕಳ ಮುಖ ಆಮೇಲೆ ನೋಡಿದರಾಯಿತು.