ರೋಲ್ ನಂಬರ್ ಹೇಳಿ, ಇಲ್ಲಾಂದ್ರೆ ಆಚೆ ಹೋಗಿ

ನಮ್ಮ ಹತ್ತನೇ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಹೋದ ವಾರ ಒಂದು ಆದೇಶ ಹೊರಬಿತ್ತು. 'ಎಲ್ಲ ಸದಸ್ಯರೂ ತಮ್ಮ ಹೆಸರು, ಸೆಕ್ಷನ್, ರೋಲ್ ನಂಬರ್ ಮತ್ತು ಈಗಿನ ಫೋಟೊವನ್ನು ಭಾನುವಾರದೊಳಗೆ ಹಾಕತಕ್ಕದ್ದು. ತಪ್ಪಿದಲ್ಲಿ ತೆಗೆದುಹಾಕಲಾಗುವುದು.' ಕೆಳಗೆ 'ಅಡ್ಮಿನ್' ಅಂತ ಸಹಿ. ಕೈ ಮುಗಿದ ಇಮೋಜಿ ಬೇರೆ.

ಅಡ್ಮಿನ್ ಯಾರು ಅಂತ ಹೇಳಬೇಕಾ? ಆಗಿನ ಕ್ಲಾಸ್ ಲೀಡರ್. ಮೇಷ್ಟ್ರು ಬಾಗಿಲು ದಾಟಿದ ಕೂಡಲೇ ಚಾಕ್‌ಪೀಸ್ ಹಿಡಿದು, ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದ ಮಹಾನುಭಾವ. ಮತ್ತೆ ಬಾಯಿ ಬಿಟ್ಟರೆ ಹೆಸರಿನ ಪಕ್ಕ ಒಂದು ಇಂಟು ಗುರುತು. ಪಾಪ, ಮೂವತ್ತೈದು ವರ್ಷ ಅವನ ಕೈಗೆ ಬೋರ್ಡೇ ಸಿಕ್ಕಿರಲಿಲ್ಲ.

ಆದೇಶಕ್ಕೆ ಕಾರಣ ಇಲ್ಲದೇ ಇಲ್ಲ. ನಮ್ಮ ಕ್ಲಾಸಿನಲ್ಲಿ ಇದ್ದವರು 52 ಜನ. ಮೂವರು ತೀರಿಕೊಂಡರು. ನಾಲ್ವರು ಗ್ರೂಪಿಗೆ ಬರಲೇ ಇಲ್ಲ, ಪುಣ್ಯವಂತರು. ಇಬ್ಬರು ಬಂದು, ನೋಡಿ, ಹೋದರು. ಉಳಿಯಬೇಕಾದವರು 43. ಗ್ರೂಪಿನಲ್ಲಿ ಇರುವವರು 67. ಲೆಕ್ಕದಲ್ಲಿ ನಾನು ಯಾವತ್ತೂ ಹಿಂದೆ, ಆದರೂ ಇದು ಸರಿ ಹೋಗುತ್ತಿಲ್ಲ ಅಂತ ನನಗೂ ಗೊತ್ತಾಗುತ್ತದೆ. ವಾಟ್ಸಾಪ್‌ನವರ ಕಡೆಯಿಂದ ಏನೂ ತಕರಾರಿಲ್ಲ. 2022ರಲ್ಲಿ ಅವರು ಒಂದು ಗ್ರೂಪಿನ ಮಿತಿಯನ್ನು 256ರಿಂದ 512ಕ್ಕೆ, ಅದೇ ವರ್ಷ 1024ಕ್ಕೆ ಏರಿಸಿದ್ದಾರೆ. ಇನ್ನೂ 957 ಸಹಪಾಠಿಗಳಿಗೆ ಜಾಗ ಇದೆ.

ಹೆಚ್ಚುವರಿ ಜನರಲ್ಲಿ ಒಂದಷ್ಟು 'ಬಿ' ಸೆಕ್ಷನ್ನಿನವರು. ಕೆಲವರದು ಎರಡೆರಡು ನಂಬರು. ಆದರೆ ಒಬ್ಬರಿದ್ದಾರೆ. ಅವರು ಯಾರು ಅಂತ ಯಾರಿಗೂ ಗೊತ್ತಿಲ್ಲ. ಅವರ ಹೆಸರಿನವರು ನಮ್ಮ ಕ್ಲಾಸಿನಲ್ಲಿ ಮೂವರಿದ್ದರು, ಈಗ ನಾಲ್ವರು. ಪ್ರತಿಯೊಬ್ಬರೂ ಅವರನ್ನು ಉಳಿದ ಮೂವರಲ್ಲಿ ಒಬ್ಬ ಅಂದುಕೊಂಡು, 'ಏನೋ ಮಗಾ, ಹೇಗಿದೀಯಾ' ಅಂತ ಶುರು ಮಾಡಿದೆವು. ಅವರು 'ಚೆನ್ನಾಗಿದೀನಿ, ನೀವು?' ಅಂದರು. ಆ 'ನೀವು' ಕೇಳಿದಾಗಲೇ ನಮಗೆ ಡೌಟು ಬರಬೇಕಿತ್ತು. ವರ್ಷಗಟ್ಟಲೆ ಮಗಾ ಅಂದಮೇಲೆ 'ತಾವು ಯಾರು ಸ್ವಾಮಿ' ಅಂತ ಕೇಳುವುದು ಹೇಗೆ?

ನಿಜ ಹೇಳಬೇಕಂದ್ರೆ, ನಮ್ಮನ್ನು ಯಾರೋ ಹುಡುಕುತ್ತಿದ್ದಾರೆ ಅನ್ನುವ ಆಸೆ ಇದೆಯಲ್ಲ, ಅದು ಯಾರನ್ನೂ ಬಿಟ್ಟಿದ್ದಲ್ಲ. ಅಮೆರಿಕದಲ್ಲಿ ಹಳೇ ಸಹಪಾಠಿಗಳನ್ನು ಹುಡುಕಿಕೊಡುವ ಕ್ಲಾಸ್‌ಮೇಟ್ಸ್ ಡಾಟ್ ಕಾಮ್ ಅನ್ನುವ ವೆಬ್‌ಸೈಟು 1995ರಲ್ಲೇ ಅದರ ಮೇಲೆ ಅಂಗಡಿ ಇಟ್ಟಿತ್ತು. 'ನಿಮ್ಮ ಹಳೇ ಗೆಳೆಯರು ನಿಮ್ಮನ್ನು ನೋಡಲು ಬಂದಿದ್ದರು' ಅಂತ ಬಂದ ಇಮೇಲ್ ನಂಬಿ ಒಬ್ಬ ದುಡ್ಡು ಕಟ್ಟಿದ. ಒಳಗೆ ಹೋಗಿ ನೋಡಿದರೆ ಗೆಳೆಯರು ಯಾರೂ ಇಲ್ಲ ಅಂತ 2008ರಲ್ಲಿ ಕೋರ್ಟಿಗೆ ಹೋದ. ಕಂಪನಿ ಕೊನೆಗೆ ರಾಜಿ ಮಾಡಿಕೊಂಡಿತು. ಆ ಮನುಷ್ಯ ಕೇಸು ಹಾಕಿದ್ದು ಮೋಸಕ್ಕೆ. ನನಗೆ ಮಾತ್ರ ಅವನು ಇಮೇಲ್ ಓದಿ ದುಡ್ಡು ಕಟ್ಟಿದ ಆ ಎರಡು ನಿಮಿಷದ್ದೇ ಯೋಚನೆ. ಯಾರ ಹೆಸರು ಕಾಣುತ್ತೆ ಅಂದುಕೊಂಡಿದ್ದನೋ.

ನಮಗೆ ಆ ಖರ್ಚಿಲ್ಲ. ಎಲ್ಲರ ಜೀವನವೂ ಬೆಳಗಾಗುವುದರೊಳಗೆ ಫೋನಿಗೆ ಬಂದು ಬಿದ್ದಿರುತ್ತದೆ. ಒಬ್ಬ ಮನೆ ಕಟ್ಟಿಸಿದ. ಪಾಯದಿಂದ ತಾರಸಿಯವರೆಗೆ ಎಲ್ಲದರ ಫೋಟೊ ಬಂತು, ಮೆಟ್ಟಿಲಿನದೇ 14. ಆ ಮನೆಯಲ್ಲಿ ಈಗ ನಾನು ಕಣ್ಣು ಮುಚ್ಚಿಕೊಂಡು ಓಡಾಡಬಲ್ಲೆ. ಇನ್ನೊಬ್ಬಳ ಮಗಳ ಮಾರ್ಕ್ಸ್ ಕಾರ್ಡು, ಮತ್ತೊಬ್ಬನ ಪ್ರಮೋಷನ್. ಫೇಲಾದವರು, ಸಾಲ ಮಾಡಿದವರು ನಮ್ಮ ಬ್ಯಾಚಿನಲ್ಲಿ ಯಾರೂ ಇಲ್ಲ. ಎಂಥ ಅದೃಷ್ಟದ ಬ್ಯಾಚು!

ಇದ್ದ ಒಬ್ಬ. ಒಂದು ರಾತ್ರಿ 11.40ಕ್ಕೆ ಬರೆದ: 'ಕೆಲಸ ಹೋಗಿ ನಾಲ್ಕು ತಿಂಗಳಾಯ್ತು ಕಣ್ರೋ. ಎಲ್ಲಾದ್ರೂ ಇದ್ರೆ ಹೇಳಿ.' ಬೆಳಿಗ್ಗೆ 5.52ಕ್ಕೆ ಅದರ ಕೆಳಗೆ ಒಂದು ಕೆಂಪು ಗುಲಾಬಿ ಬಂತು, ಶುಭೋದಯ. ಆಮೇಲೆ ಹಳೇ ಗ್ರೂಪ್ ಫೋಟೊ, ಒಂದು ತಲೆಗೆ ಕೆಂಪು ವೃತ್ತ, 'ಇದ್ಯಾರು ಹೇಳಿ ನೋಡೋಣ'. ಅದಕ್ಕೆ 43 ಉತ್ತರ. ಮಧ್ಯಾಹ್ನದ ಹೊತ್ತಿಗೆ ಅವನ ಮೆಸೇಜು ಎಷ್ಟು ಮೇಲೆ ಹೋಗಿತ್ತೆಂದರೆ ಹುಡುಕಬೇಕಿತ್ತು. ಕಳಿಸಿದವರು ಮೆಸೇಜನ್ನು ಒತ್ತಿ ಹಿಡಿದು ನೋಡಿದರೆ ಯಾರ್‍ಯಾರು ಓದಿದರು ಅಂತ ಕಾಣುತ್ತದೆ. 58 ಜನ ಓದಿದ್ದರು ಅಂತ ಅವನೇ ಆಮೇಲೆ ಹೇಳಿದ. ಆ 58ರಲ್ಲಿ ನಾನೂ ಒಬ್ಬ. ಯಾರಾದರೂ ಏನಾದರೂ ಹೇಳುತ್ತಾರೆ ಬಿಡು ಅಂದುಕೊಂಡೆ. ಥೂ ನಮ್ಮ ಜನ್ಮಕ್ಕೆ. ಗುಲಾಬಿಗೆ ವಾಪಸ್ ಗುಲಾಬಿ ಕಳಿಸಲು ಟೈಮಿತ್ತು.

ಅವನು ಸದ್ದಿಲ್ಲದೆ ಗ್ರೂಪ್ ಬಿಟ್ಟ. 2022ರಿಂದ ಹಾಗೆ ಬಿಡಬಹುದು, ಅಡ್ಮಿನ್‌ಗೆ ಬಿಟ್ಟು ಯಾರಿಗೂ ಸುದ್ದಿ ಹೋಗುವುದಿಲ್ಲ. ಆದರೆ ಬಿಟ್ಟವರ ಹೆಸರು 60 ದಿನ ಒಂದು ಪಟ್ಟಿಯಲ್ಲಿ ಇರುತ್ತದೆ. ಅವನದೂ ಇತ್ತು. ಯಾರೂ ತೆಗೆದು ನೋಡಲಿಲ್ಲ.

ತಿಂಗಳಾದ ಮೇಲೆ ನಾಚಿಕೆ ತಡೆಯದೆ ಫೋನ್ ಮಾಡಿದೆ. ಮಾತಿನ ಮಧ್ಯೆ ಅವನು ಹೇಳಿದ, 'ಮಾರನೇ ದಿನವೇ ಒಬ್ಬ ಫೋನ್ ಮಾಡಿ ಒಂದು ಗಂಟೆ ಮಾತಾಡಿದ ಕಣೋ. ಎರಡು ಕಡೆ ಹೇಳಿಯೂ ಕೊಟ್ಟ. ಆ ಮೂವರಲ್ಲಿ ಇವನು ಯಾವನೋ?'

ಯಾವನೂ ಅಲ್ಲ. ನಾಲ್ಕನೆಯವರು.

ಈಗ ಆದೇಶದ ಪ್ರಕಾರ ಭಾನುವಾರ ತೆಗೆಯಬೇಕಾದ್ದು ಅವರನ್ನೇ. ಅದು ಹಾಗಿರಲಿ, ನನ್ನ ರೋಲ್ ನಂಬರೇ ನನಗೆ ನೆನಪಿಲ್ಲ. ಶನಿವಾರ ರಾತ್ರಿ ಬೇರೆ ದಾರಿ ಕಾಣದೆ ಅವರಿಗೇ ಮೆಸೇಜ್ ಮಾಡಿದೆ. ಯಾರೋ ಯಾವ ಕಾಲದಲ್ಲೋ ಹಾಕಿದ್ದ ಹಾಜರಿ ಪುಸ್ತಕದ ಫೋಟೊವನ್ನು ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು. 'ನಿಮ್ಮದು 31' ಅಂತ ಉತ್ತರ ಬಂತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಾಲು: 'ಸಾರ್, ನಾನು ಯಾವ ನಂಬರ್ ಹಾಕಲಿ?'

'53 ಹಾಕಿ' ಅಂದೆ.