ಏಳನೇತ್ತೆಯ ಗಡಿಯಾರ

ಮೊನ್ನೆ ಊರಿಗೆ ಹೋದಾಗ ಅಣ್ಣನ ಮಗಳು ಬಂದು ಕೈ ಒಡ್ಡಿದಳು. "ಕಾಕಾ, ಐವತ್ತು ರೂಪಾಯಿ ಕೊಡು. ಪಟ್ಟಿ ಐತಿ."

ನಮ್ಮ ಕಡೆ ಪಟ್ಟಿ ಅಂದರೆ ವಂತಿಗೆ. ಗಣಪತಿಗೆ ಪಟ್ಟಿ, ಜಾತ್ರೆಗೆ ಪಟ್ಟಿ, ಹೋಳಿಹುಣ್ಣಿಮೆ ಬಂದರೆ ಹಲಗಿ ಹುಡುಗರ ಪಟ್ಟಿ. ಇದು ಯಾತರ ಪಟ್ಟಿ ಅಂತ ಕೇಳಿದೆ. "ಏಳನೇತ್ತೆ ಮುಗೀತಲ್ಲ, ಸಾಲಿಗೆ ಗಡಿಯಾರ ಕೊಡತೀವಿ" ಅಂದಳು. ಏಳನೇತ್ತೆ ಅಂದರೆ ಏಳನೇ ತರಗತಿ, ಸಾಲಿ ಅಂದರೆ ಶಾಲೆ.

ನನಗೆ ನಗು ಬಂತು. 1995ರಲ್ಲಿ ಅದೇ ಸಾಲಿಗೆ ನಾವೂ ಗಡಿಯಾರವನ್ನೇ ಕೊಟ್ಟಿದ್ದೆವು.

ನಮ್ಮೂರು ಬಾದಾಮಿ ಹತ್ತಿರ. ಸಾಲಿ ಕೆಂಪು ಕಲ್ಲಿನದು. ಊರಿಗೆಲ್ಲ ಅದು 'ಕನ್ನಡ ಸಾಲಿ'. ಒಂದರಿಂದ ಏಳರತನಕ ಅಲ್ಲಿ, ಎಂಟಕ್ಕೆ ಬೇರೆ ಊರಿನ ಹೈಸ್ಕೂಲು. ಹಾಗಾಗಿ ಏಳನೇತ್ತೆ ಅಂದರೆ ಊರೊಳಗಿನ ಓದು ಮುಗಿದಂತೆ. ನಮ್ಮಜ್ಜನ ಕಾಲಕ್ಕಂತೂ ಅಲ್ಲಿಗೆ ಓದೇ ಮುಗಿದಂತೆ. ಮುಂಬಯಿ ಪ್ರಾಂತದ ದಿನಗಳಲ್ಲಿ ಏಳನೇತ್ತೆಯ ಮುಲ್ಕಿ ಪರೀಕ್ಷೆ ಪಾಸಾದವರು ಸೀದಾ ಮಾಸ್ತರರಾಗಬಹುದಿತ್ತು. ಅಜ್ಜ ಆಗಲಿಲ್ಲ. ಗಣಿತದಲ್ಲಿ ನಪಾಸಾಗಿ ಹೊಲಕ್ಕೆ ಹೋದ. ಆದರೂ ಸಾಯುವತನಕ "ನಾನೂ ಮುಲ್ಕಿಗೆ ಕುಂತಾಂವ" ಅಂತ ಹೇಳಿಕೊಳ್ಳುತ್ತಿದ್ದ. ಕೂತದ್ದಂತೂ ಸುಳ್ಳಲ್ಲ, ಅಲ್ವಾ?

ನಮ್ಮ ಕಾಲಕ್ಕೂ ಏಳನೇತ್ತೆಗೆ ಪಬ್ಲಿಕ್ ಪರೀಕ್ಷೆ ಇತ್ತು. ಅದರ ಹಿಂದಿನ ವಾರವೇ ನಮಗೆ ಸಾಲಿಯ ಕೊನೆಯ ವಾರ. ಆ ವಾರ ಪಾಠ ಇರಲಿಲ್ಲ. ಮಾಸ್ತರರು ಬಡಿಯುವುದನ್ನೂ ನಿಲ್ಲಿಸಿದ್ದರು. ಅದೇ ನಮಗೆ ಜಾಸ್ತಿ ಭಯ ಹುಟ್ಟಿಸಿತ್ತು. ಬೇವಿನ ಮರಕ್ಕೆ ತೂಗುಹಾಕಿದ್ದ ರೈಲು ಹಳಿಯ ತುಂಡೇ ನಮ್ಮ ಗಂಟೆ. ಅದನ್ನು ಬಾರಿಸುವ ಅಧಿಕಾರ ಏಳನೇತ್ತೆಯವರದು. ಆ ಸೋಮವಾರ ಸುತ್ತಿಗೆಯನ್ನು ಆರನೇತ್ತೆ ಹುಡುಗನ ಕೈಗೆ ಕೊಟ್ಟೆವು. ಅವನು ಮೊದಲ ದಿನವೇ ಹತ್ತು ನಿಮಿಷ ಮೊದಲು ಸಾಲಿ ಬಿಡಿಸಿದ. ನಾವು ವರ್ಷವಿಡೀ ಮಾಡದ ಧೈರ್ಯ ಅದು.

ಕಾಣಿಕೆಗೆ ತಲೆಗೆ ಐದು ರೂಪಾಯಿ ಪಟ್ಟಿ ಎತ್ತಿದೆವು. ಮೂವತ್ತೊಂದು ಮಂದಿ ಇದ್ದೆವು. ಒಬ್ಬ ರೊಕ್ಕದ ಬದಲು ಎರಡು ಸೇರು ಜೋಳ ತಂದ. ಒಬ್ಬಳು ಕರವಸ್ತ್ರದ ಗಂಟು ಬಿಚ್ಚಿ ಬರೀ ಹತ್ತು ಪೈಸೆ, ಇಪ್ಪತ್ತು ಪೈಸೆಯ ಚಿಲ್ಲರೆ ಸುರುವಿದಳು. ಎಣಿಸಿ ಮುಗಿಸುವಷ್ಟರಲ್ಲಿ ಒಂದು ಪಿರಿಯಡ್ಡು ಹೋಯಿತು. ಇನ್ನು ಏನು ಕೊಡೋದು? ಒಬ್ಬ ಸರಸ್ವತಿ ಫೋಟೋ ಅಂದ, ಇನ್ನೊಬ್ಬ ಖುರ್ಚಿ ಅಂದ. ಹೆಡ್ ಮಾಸ್ತರರು ಕೈ ಮುಗಿದು, "ಏನರ ಕೊಡ್ರಪಾ, ಗಡಿಯಾರ ಮಾತ್ರ ಬ್ಯಾಡ" ಅಂದರು. ಅವರ ಕೋಣೆಯಲ್ಲಿ ಆಗಲೇ ನಾಲ್ಕು ಗಡಿಯಾರ ಇದ್ದವು, ನಾಲ್ಕು ವರ್ಷದ ಏಳನೇತ್ತೆಯವರು ಕೊಟ್ಟವು. ಒಂದೊಂದು ಒಂದೊಂದು ಟೈಮು ಹೇಳುತ್ತಿತ್ತು. ಯಾವುದನ್ನೂ ಇಳಿಸುವಂತಿಲ್ಲ, ಕೊಟ್ಟವರ ಅಪ್ಪಂದಿರು ಊರಲ್ಲೇ ಇದ್ದಾರಲ್ಲ! ಗಂಟೆ ಬಾರಿಸಬೇಕಾದರೆ ನಾವು ಆ ನಾಲ್ಕನ್ನೂ ಬಿಟ್ಟು ಬಾದಾಮಿ ಬಸ್ಸು ಬಂತೇನು ಅಂತ ನೋಡುತ್ತಿದ್ದೆವು.

ಆದರೂ ನಾವು ತಂದದ್ದು ಗಡಿಯಾರವನ್ನೇ. ಖುರ್ಚಿಗೆ ರೊಕ್ಕ ಸಾಲಲಿಲ್ಲ. ಸರಸ್ವತಿಗೆ ಸಾಲುತ್ತಿತ್ತು, ಆದರೆ ದೇವರ ಫೋಟೋದ ಮೇಲೆ ನಮ್ಮ ಹೆಸರು ಎಲ್ಲಿ ಬರೆಸೋದು? ಗಡಿಯಾರದ ಗಾಜಿನ ಕೆಳಗಡೆ ಪೇಂಟರು ಕೆಂಪು ಬಣ್ಣದಲ್ಲಿ '1994-95ನೇ ಸಾಲಿನ ಏಳನೇ ವರ್ಗದ ವಿದ್ಯಾರ್ಥಿಗಳಿಂದ ಕಾಣಿಕೆ' ಅಂತ ಬರೆದ. ಅಕ್ಷರ ದೊಡ್ಡದಾಗಿ ಐದು, ಆರು, ಏಳು ಗಂಟೆಗಳು ಮುಚ್ಚಿಹೋದವು. ಆ ಹೊತ್ತಿಗೆ ಸಾಲಿ ಬಿಟ್ಟಿರುತ್ತದೆ, ಚಿಂತೆ ಇಲ್ಲ ಅಂದ.

ಆ ವರ್ಷ ಹೋಳಿ ಮಾರ್ಚ್ ಮಧ್ಯದಲ್ಲಿ ಬಂದಿತ್ತು. ಬಾಗಲಕೋಟೆಯಲ್ಲಿ ಬಂಡಿಗಳ ಮೇಲೆ ಪೀಪಾಯಿಗಟ್ಟಲೆ ಬಣ್ಣ ಹೇರಿಕೊಂಡು ದಿನಗಟ್ಟಲೆ ಆಡುತ್ತಾರೆ. ನಮ್ಮೂರಲ್ಲಿ ಅಷ್ಟಿಲ್ಲ, ಆದರೆ ಬಣ್ಣ ಮಾತ್ರ ಅಲ್ಲಿಯದೇ, ಹೋಗುವಂಥದ್ದಲ್ಲ. ಫೋಟೋದವನು ಬಂದ ದಿನ ಗಂಡುಹುಡುಗರೆಲ್ಲರ ಕಿವಿ ನೇರಳೆ. ಮುಖ ತಿಕ್ಕಿ ತಿಕ್ಕಿ ತೊಳೆದಿದ್ದೆವು, ಕಿವಿ ಮರೆತಿದ್ದೆವು. ಹುಡುಗಿಯರು ಅವ್ವಂದಿರ ಇಳಕಲ್ ಸೀರೆ ಉಟ್ಟು, ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟು ಬಂದಿದ್ದರು. ಕುಪ್ಪಸಗಳೂ ಅವ್ವಂದಿರವೇ. ಬೆನ್ನಿಗೆ ಪಿನ್ನು ಹಾಕಿ ಬಿಗಿ ಮಾಡಿದ್ದರಿಂದ ಯಾರೂ ಹಿಂದಕ್ಕೆ ಒರಗಿ ಕೂಡುವಂತಿರಲಿಲ್ಲ. ಫೋಟೋದಲ್ಲಿ ಅವರೆಲ್ಲ ಎಷ್ಟು ನೆಟ್ಟಗೆ ಕೂತಿದ್ದಾರೆ ಅಂತ ಈಗಲೂ ನೋಡಿದವರು ಹೊಗಳುತ್ತಾರೆ.

ಅದೇ ವಾರ ಇನ್ನೊಂದು ಸಂಗತಿ ಗೊತ್ತಾಯಿತು. ಹಾಲ್ ಟಿಕೆಟ್ ಹಂಚುವಾಗ ಮಾಸ್ತರರು ಹುಟ್ಟಿದ ದಿನ ಓದಿ ಸರಿನೋಡುತ್ತಿದ್ದರು. ಜೂನ್ 1. ಜೂನ್ 1. ಮತ್ತೆ ಜೂನ್ 1. ಮೂವತ್ತೊಂದರಲ್ಲಿ ಹದಿನೆಂಟು ಮಂದಿ ಒಂದೇ ದಿನ ಹುಟ್ಟಿದ್ದೆವು! ಹೆಸರು ಹಚ್ಚುವಾಗ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿತೋ, ವಯಸ್ಸು ಆಯಿತು. ಸಾಲಿ ಸುರುವಾಗುವುದು ಜೂನಿನಲ್ಲಿ, ಹಾಗಾಗಿ ಹುಟ್ಟಿದ್ದೂ ಜೂನ್ 1. ನಮ್ಮವ್ವ ನನ್ನನ್ನು ಹಡೆದದ್ದು ಬಿಳಿಜೋಳದ ರಾಶಿ ಮಾಡುವ ಕಾಲಕ್ಕೆ, ಸುಗ್ಗಿಯಲ್ಲಿ. ಎಲ್‌ಸಿ, ಅಂದರೆ ಸಾಲಿ ಬಿಡುವಾಗ ಕೊಡುವ ಸರ್ಟಿಫಿಕೇಟು, ಅದನ್ನು ಒಪ್ಪುವುದಿಲ್ಲ. ಅದರಲ್ಲಿ ಜಿಲ್ಲೆಯ ಹೆಸರೂ ವಿಜಾಪುರ ಅಂತಿದೆ, ಬಾಗಲಕೋಟೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ನೌಕರಿಗೆ ಸೇರುವಾಗ ಗುಮಾಸ್ತನೊಬ್ಬ ನೀವು ಯಾವ ಜಿಲ್ಲೆಯವರು ಅಂತ ಮೂರು ಸಲ ಕೇಳಿದ. ಈಗ ಜೂನ್ 1 ಬಂದರೆ ನಮ್ಮ ವಾಟ್ಸಾಪ್ ಗ್ರೂಪಿನ ತುಂಬ ಕೇಕು. ಯಾರು ಯಾರಿಗೆ ಶುಭಾಶಯ ಹೇಳುತ್ತಿದ್ದಾರೆ ಅನ್ನೋದೇ ತಿಳಿಯುವುದಿಲ್ಲ.

ಬೀಳ್ಕೊಡುಗೆಗೆ ಶಿರಾ, ಉಪ್ಪಿಟ್ಟು, ಚೂಡಾ. ಭಾಷಣ ಮಾಡಬೇಕಾದ ಹುಡುಗ 'ಪೂಜ್ಯ ಗುರುಗಳೇ' ಅಂದು ಮುಂದಿನದು ಮರೆತು ಕೂತುಬಿಟ್ಟ. ಹುಡುಗಿಯರು ಅತ್ತರು. ನಾವು ತಗಡಿನ ಮಾಡು ನೋಡುತ್ತ, "ಇವರದು ಏನರ ಇದ್ದದ್ದ" ಅಂದುಕೊಂಡು ಇನ್ನೊಮ್ಮೆ ಶಿರಾ ಹಾಕಿಸಿಕೊಂಡೆವು. ಹೈಸ್ಕೂಲು ನಾಲ್ಕು ಕಿಲೋಮೀಟರು. ಹದಿಮೂರು ಹುಡುಗಿಯರಲ್ಲಿ ಜೂನಿನಲ್ಲಿ ಅಲ್ಲಿಗೆ ಬಂದವರು ನಾಲ್ವರು. ಚಿಲ್ಲರೆ ತಂದಿದ್ದವಳು ಬರಲಿಲ್ಲ. ಅವಳ ಮನೆಯವರು ದುಡಿಯಲು ಗೋವಾಕ್ಕೆ ಹೋಗಿದ್ದರು, ಅವಳೂ ಹೋಗಿದ್ದಳು. ಆ ದಿನ ಅವರು ಅತ್ತದ್ದು ಯಾತಕ್ಕೆ ಅಂತ ನನಗೆ ಹೊಳೆಯಲು ಇಷ್ಟು ವರ್ಷ ಹಿಡಿಯಿತು. ಶಿರಾ ಚೆನ್ನಾಗಿತ್ತು ಅನ್ನೋದು ಮಾತ್ರ ಆವತ್ತೇ ಗೊತ್ತಾಗಿತ್ತು.

ಐವತ್ತು ರೂಪಾಯಿ ಕೊಟ್ಟು, ಮರುದಿನ ಅಣ್ಣನ ಮಗಳ ಜೊತೆ ಸಾಲಿಗೂ ಹೋದೆ. ಈಗ ಹೆಡ್ ಮಾಸ್ತರ ಜಾಗದಲ್ಲಿ ಬಾಯಾರು, ಅಂದರೆ ಟೀಚರಮ್ಮ, ಇದ್ದಾರೆ. ಅವರ ಕೋಣೆಯಲ್ಲಿ ಆರು ಗಡಿಯಾರ. ಎಲ್ಲವೂ ಹೊಸವು, ನಮ್ಮದು ಇಲ್ಲ. "ಈ ಸಲ ಬ್ಯಾಡ ಅಂತ ಹುಡುಗರಿಗೆ ಹೇಳೀನ್ರಿ" ಅಂದರು ಬಾಯಾರು. ನಾನು ಸುಮ್ನೆ ತಲೆಯಾಡಿಸಿದೆ.

ನಮ್ಮದು ಸಿಕ್ಕಿದ್ದು ಬಿಸಿಯೂಟದ ಅಡುಗೆ ಕೋಣೆಯಲ್ಲಿ. ಹೊಗೆ ಹಿಡಿದು ಕಪ್ಪಾಗಿದೆ. ಕೆಂಪು ಅಕ್ಷರ ಉದುರಿ 'ಕಾಣಿಕೆ' ಅಂತಷ್ಟೇ ಉಳಿದಿದೆ. ಐದು, ಆರು, ಏಳು ಈಗ ಚೆನ್ನಾಗಿ ಕಾಣುತ್ತವೆ. ಅಡುಗೆಯ ಅಕ್ಕ ಅಕ್ಕಿ ತೊಳೆಯುತ್ತಿದ್ದಳು. ಹಳೆಯದಾಯಿತಲ್ಲ, ಹೊಸದು ತಂದುಕೊಡಲೇನು ಅಂತ ಕೇಳಿದೆ.

"ಬ್ಯಾಡ್ರಿ ಅಣ್ಣಾರ" ಅಂದಳು. "ಇದು ಹತ್ತು ಮಿನಿಟ್ ಮುಂದ ಓಡತೈತಿ. ಆ ಲೆಕ್ಕಾ ಹಿಡದ ನಾ ಒಲಿ ಹೊತ್ತಸ್ತೀನಿ. ಹೊಸಾದ್ ತಂದ್ರ ಹುಡುಗೂರ ಊಟ ತಡಾ ಆಕ್ಕೈತಿ."

ನಾನು ಮೊಬೈಲು ತೆಗೆದು ನೋಡಿದೆ. ಹತ್ತಲ್ಲ, ಹದಿನಾಲ್ಕು ನಿಮಿಷ ಮುಂದಿತ್ತು. ಅಕ್ಕನಿಗೆ ಹೇಳಲಿಲ್ಲ.