ಶೀಘ್ರದಲ್ಲೇ ಹೊಸ ಆವೃತ್ತಿ

ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತವಾದ ಯೂನಿಕೋಡ್ ರೂಢಿಗೆ ಬರುವ ಮುಂಚೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಫೈಲು ಯಾರ ಮನೆಯಲ್ಲಿ ಇಲ್ಲ ಹೇಳಿ? ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಕಾಣುವುದಿಲ್ಲ. ಕೊಂಬು, ಬಾಲ, ಚುಕ್ಕಿ ಬಂದ ಇಂಗ್ಲಿಷ್ ಅಕ್ಷರಗಳ ಜಾತ್ರೆ. ನಮ್ಮ ಚಿಕ್ಕಪ್ಪ ಬರೆದಿಟ್ಟಿದ್ದ ವಂಶಾವಳಿಗೂ ಅದೇ ಗತಿ. "ಕಂಪ್ಯೂಟರ್ ಕೆಲಸದಲ್ಲಿದ್ದೀಯ, ನಿನಗೆ ಒಂದು ನಿಮಿಷದ್ದು ಅಲ್ವೇನೋ?" ಅಂದರು.

ಹಳೇ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಿಸುವ ಕನ್ವರ್ಟರ್‌ಗಳೇನೋ ಇವೆ. ಓಪನ್ ಸೋರ್ಸ್ (ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದು), ಪುಕ್ಕಟೆ. ಮೊದಲ ಲಿಂಕು, ಇಂಥ ಕೋಡ್ ಇಡುವ ತಾಣ ಗಿಟೋರಿಯಸ್‌ನದು. ಅದನ್ನು 2015ರಲ್ಲಿ ಗಿಟ್‌ಲ್ಯಾಬ್ ಕೊಂಡುಕೊಂಡು ಅದೇ ವರ್ಷ ಮುಚ್ಚಿತು. ಮುಂದಿನದು ಮೈಕ್ರೋಸಾಫ್ಟಿನ ಕೋಡ್‌ಪ್ಲೆಕ್ಸ್, 2017ಕ್ಕೆ ಖಲಾಸ್. (ಮಾರನೇ ವರ್ಷ ಅದೇ ಕಂಪನಿ 750 ಕೋಟಿ ಡಾಲರಿಗೆ ಇಂಥದೇ ತಾಣ ಗಿಟ್‌ಹಬ್ ಕೊಂಡಿತು. ದೊಡ್ಡವರ ಲೆಕ್ಕ ನಮಗೇಕೆ!) 1999ರ ಸೋರ್ಸ್‌ಫೋರ್ಜ್ ಮಾತ್ರ ಜಗಲಿಯ ಮೇಲಿನ ತಾತನ ಹಾಗೆ ಇನ್ನೂ ಕೂತಿದೆ, ಆದರೆ ನನಗೆ ಬೇಕಾದ್ದು ಅದರ ಹತ್ತಿರ ಇರಲಿಲ್ಲ.

ಕೊನೆಗೆ ಸಿಕ್ಕಿದ್ದು ಗೂಗಲ್ ಕೋಡ್‌ನಲ್ಲಿ ಹುಟ್ಟಿದ್ದು. 2016ರ ಜನವರಿಯಲ್ಲಿ ಅದೂ ಬಾಗಿಲು ಹಾಕುವ ಮುಂಚೆ, ಪುಣ್ಯಾತ್ಮರು ಕೋಡನ್ನು ಗಿಟ್‌ಹಬ್‌ಗೆ ಸಾಗಿಸಿದ್ದರು. ಅದೇ ಅವರ ಕೊನೆಯ ಕೆಲಸ. ಆವೃತ್ತಿ 0.3. "1.0 ಶೀಘ್ರದಲ್ಲೇ" ಎಂಬ ಸಾಲು ಹಾಗೇ ಇದೆ. ಸಂಬಳವಿಲ್ಲದೆ ರಾತ್ರಿ ಕೂತು ಬರೆದವರನ್ನು ಬೈಯಲು ಮನಸ್ಸು ಬರಲಿಲ್ಲ.

2020ರಲ್ಲಿ ಗಿಟ್‌ಹಬ್‌ನವರು 21 ಟೆರಾಬೈಟ್ ಕೋಡನ್ನು ಫಿಲ್ಮಿಗೆ ಇಳಿಸಿ, ಉತ್ತರ ಧ್ರುವದ ಹತ್ತಿರ ಇರುವ ನಾರ್ವೆಯ ದ್ವೀಪಸಮೂಹ ಸ್ವಾಲ್ಬಾರ್ಡ್‌ನ ಹಳೇ ಕಲ್ಲಿದ್ದಲು ಗಣಿಯಲ್ಲಿ ಸಾವಿರ ವರ್ಷಕ್ಕೆಂದು ಇಟ್ಟರು. ಯಾವುದೋ ರೀಡ್‌ಮಿ ಫೈಲಿಗೆ ಒಂದು ಕಾಮಾ ಹಾಕಿದ ನನ್ನ ಗೆಳೆಯನ ಪ್ರೊಫೈಲಿಗೂ ಅದರ ಬ್ಯಾಡ್ಜು ಬಂತು. ಕಾಮಾ ಭದ್ರವಾಗಿದೆ.

ನನ್ನ ಕನ್ವರ್ಟರ್ ಇದ್ದದ್ದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೇ ಆವೃತ್ತಿ 2ರಲ್ಲಿ. ಅದರ ಬೆಂಬಲ 2020ರ ಆರಂಭಕ್ಕೇ ನಿಂತಿದೆ. ಹೊಸ ಪೈಥಾನ್ ಮೊದಲ ಪ್ರಿಂಟ್ ಸಾಲಿಗೇ ಮುನಿಸಿಕೊಂಡಿತು. ಆವರಣ ಚಿಹ್ನೆ ಹಾಕಿ, ಇನ್ನೂ ಏನೇನೋ ಬೇಡಿಕೊಂಡು ಓಡಿಸಿದೆ. ಓಡಿತು. ಅರ್ಕಾವತ್ತು ಮಾತ್ರ ಎಲ್ಲೂ ಇಲ್ಲ. ವಂಶದ ಮೂರ್ತಿಗಳೆಲ್ಲ ಮೂತಿಗಳಾಗಿದ್ದಾರೆ. ಶ್ರೀನಿವಾಸಮೂತಿ, ಕೃಷ್ಣಮೂತಿ, ಅವರ ಮಗ ನರಸಿಂಹಮೂತಿ.

ದೂರು ಬರೆಯಲು ಹೋದೆ. 2012ರಲ್ಲೇ ಒಬ್ಬರು ಬರೆದಿದ್ದಾರೆ: "ಅರ್ಕಾವತ್ತು ಬರುತ್ತಿಲ್ಲ." ಕೆಳಗೆ ಇನ್ನೊಬ್ಬರು: "ನನಗೂ." ಮತ್ತೊಬ್ಬರು: "ನನಗೂ." ಆಮೇಲೆ ಯಾರೋ: "ಯಾರಾದರೂ ಇದ್ದೀರಾ?"

ನಾನೂ ಒಂದು "ನನಗೂ" ಹಾಕಿ ಬಂದೆ.